6-5=2 ಮತ್ತು ಬ್ಲೇರ್ ವಿಚ್: ಎರಡೂ ಒಂದೇ ಕಥೆ ಅಲ್ವಾ?

ಶರಾವತಿ ದಂಡೆ, ಸಾಗರ
ಈ ವಾರ ನಮ್ಮ ಕನ್ನಡದ ಹಾರರ್ ಸಿನಿಮಾ ‘6-5=2’ ಮತ್ತೆ ನೋಡಿದೆ. ಮಾರನೇ ದಿನ 1999ರ ಅಮೆರಿಕದ ಸಿನಿಮಾ ‘ದಿ ಬ್ಲೇರ್ ವಿಚ್ ಪ್ರಾಜೆಕ್ಟ್’ ನೋಡಿ ಬೇಜಾರಾಯ್ತು. ಎರಡರಲ್ಲೂ ಹುಡುಗರು ಕ್ಯಾಮೆರಾ ಹಿಡಿದು ಕಾಡಿಗೆ ಹೋಗುತ್ತಾರೆ, ದಾರಿ ತಪ್ಪುತ್ತದೆ, ಒಬ್ಬರ ಮೇಲೊಬ್ಬರು ರೇಗುತ್ತಾರೆ, ಕೊನೆಗೆ ಅವರು ತೆಗೆದ ವಿಡಿಯೋ ಸಿಗುತ್ತದೆ. ಇದು ನಿಜವಾಗಿ ಸಿಕ್ಕ ವಿಡಿಯೋ ಅಂತ ಪ್ರಚಾರ ಮಾಡಿದ್ದೂ ಅದೇ ತರ. ಇದನ್ನು ಕಾಪಿ ಅನ್ನದೆ ಏನನ್ನೋಣ?

ರಾತ್ರಿ ಶೋ
ಹೇಳುವ ರೀತಿ ಅಲ್ಲಿಂದಲೇ ಬಂದದ್ದು, ಎರಡು ಮಾತಿಲ್ಲ. ಆದರೆ ಬ್ಲೇರ್ ವಿಚ್ ಕೂಡ ಮೊದಲಿನದಲ್ಲ. 1980ರ ‘ಕ್ಯಾನಿಬಲ್ ಹೋಲೋಕಾಸ್ಟ್’ನಲ್ಲೇ ಕಾಡಲ್ಲಿ ಸತ್ತವರ ರೀಲು ಸಿಗುತ್ತದೆ. ಕಥೆಗೆ ಬಂದರೆ, ಬ್ಲೇರ್ ವಿಚ್‌ನಲ್ಲಿ ಮೂವರು ಮಾಟಗಾತಿಯ ಬಗ್ಗೆ ಡಾಕ್ಯುಮೆಂಟರಿ ಮಾಡೋಕೆ ಅಂತಲೇ ಹೋದವರು. ನಮ್ಮ ಸಿನಿಮಾದಲ್ಲಿ ಆರು ಜನ ಸುಮ್ನೆ ಟ್ರೆಕ್ಕಿಂಗ್‌ಗೆ ಅಂತ ಪಶ್ಚಿಮ ಘಟ್ಟ ಹತ್ತಿದವರು. ನನಗೆ ಇದೇ ಜಾಸ್ತಿ ಹೆದರಿಕೆ. ಬ್ಲೇರ್ ವಿಚ್‌ನ ಜಗಳ ಮಾತ್ರ ಯಾರ ಕೈಲೂ ಆಗಲ್ಲ. ನಟರೇ ಶೂಟ್ ಮಾಡಿ, ಮಾತೂ ತಾವೇ ಕಟ್ಟಿಕೊಂಡು, ದಿನ ಹೋದ ಹಾಗೆ ಊಟವನ್ನೂ ಕಡಿಮೆ ಮಾಡಿಸಿಕೊಂಡು ಮಾಡಿದ ಸಿನಿಮಾ ಅದು. ಒಬ್ಬ ‘ಮ್ಯಾಪನ್ನು ನಾನೇ ಹಳ್ಳಕ್ಕೆ ಒದ್ದೆ’ ಅಂತ ನಗುವ ಸೀನ್ ನೋಡಿ, ಉಳಿದಿಬ್ಬರ ಸಿಟ್ಟು ನಟನೆ ಅನ್ನಿಸುವುದೇ ಇಲ್ಲ.

ತೀರ್ಥಹಳ್ಳಿಯವ
ಮಾರಾಯ್ರೇ, ನಡೆದೂ ನಡೆದೂ ಹೊರಟ ಜಾಗಕ್ಕೇ ಬರುವುದನ್ನು ಅಮೆರಿಕದಿಂದ ತರಬೇಕಾ? ಕಾಡಲ್ಲಿ ಒಂದು ಬಳ್ಳಿ ಇದೆ, ಅದನ್ನು ದಾಟಿದರೆ ದಿಕ್ಕು ತಪ್ಪುತ್ತದೆ, ದಿನಾ ಓಡಾಡಿದ ದಾರಿಯೂ ಗುರುತು ಸಿಗಲ್ಲ ಅಂತ ನಮ್ಮಜ್ಜ ಹೇಳುತ್ತಿದ್ದರು. ಕತ್ತಲಾದ ಮೇಲೆ ಚೌಡಿ ಬನದ ಕಡೆ ಯಾರೂ ಹೋಗುತ್ತಿರಲಿಲ್ಲ. ಇದು ಬರೀ ನಂಬಿಕೆಯೂ ಅಲ್ಲ. ಜರ್ಮನಿಯಲ್ಲಿ ಜನರನ್ನು ಕಾಡಿಗೆ ಬಿಟ್ಟು, ನೆಟ್ಟಗೆ ನಡೆಯಿರಿ ಅಂತ ಹೇಳಿ, ಜಿಪಿಎಸ್‌ನಲ್ಲಿ ನೋಡಿದ ಪ್ರಯೋಗ 2009ರಲ್ಲಿ ಪ್ರಕಟವಾಯಿತು. ಬಿಸಿಲಿದ್ದಾಗ ನೆಟ್ಟಗೇ ಹೋದರು. ಮೋಡ ಮುಚ್ಚಿದಾಗ ಸುತ್ತು ಹಾಕಿ ತಾವು ಬಂದ ದಾರಿಯನ್ನೇ ದಾಟಿದರು, ಅದು ಅವರ ಗಮನಕ್ಕೇ ಬರಲಿಲ್ಲ. ಇನ್ನು ಆಗುಂಬೆ ಮಳೆಯಲ್ಲಿ ಸೂರ್ಯ ಎಲ್ಲಿ ಕಾಣುತ್ತಾನೆ ಹೇಳಿ. ಕೊಡಚಾದ್ರಿಯಲ್ಲಿ ಮಂಜು ಇಳಿದರೆ ಮುಂದಿನವನ ಬೆನ್ನ ಮೇಲಿನ ಬ್ಯಾಗೂ ಕಾಣಲ್ಲ, ಉಂಬಳ (ಜಿಗಣೆ) ಹತ್ತಿದ್ದು ಕಾಲುಚೀಲ ಕೆಂಪಾದ ಮೇಲೇ ಗೊತ್ತಾಗೋದು.

ಶರಾವತಿ ದಂಡೆ, ಸಾಗರ
ರೀತಿ ಬೇರೆ, ಕಥೆ ಬೇರೆ ಅನ್ನೋದನ್ನು ನಾನು ಪೂರ್ತಿ ಒಪ್ಪಲ್ಲ. ಇಂಥ ಸಿನಿಮಾದಲ್ಲಿ ಅರ್ಧ ಕಥೆ ಆ ರೀತಿಯೇ ಅಲ್ವಾ? ಆದರೆ ಬಳ್ಳಿಯ ವಿಷಯ ಚೆನ್ನಾಗಿದೆ. ದಿಕ್ಕು ತಪ್ಪಿದರೆ ಏನು ಮಾಡಬೇಕು ಅನ್ನುತ್ತಿದ್ದರು ಅಜ್ಜ?

ತೀರ್ಥಹಳ್ಳಿಯವ
ಅಲ್ಲೇ ಕೂತು ಎಲೆ ಅಡಿಕೆ ಹಾಕು, ಗಾಬರಿಯಲ್ಲಿ ನಡೆಯಬೇಡ. ಆಮೇಲೆ ಹಳ್ಳ ಹುಡುಕಿ ನೀರು ಹರಿಯುವ ಕಡೆಗೇ ಇಳಿ, ಯಾರದಾದರೂ ಗದ್ದೆ ಸಿಗುತ್ತದೆ ಅನ್ನುತ್ತಿದ್ದರು. ಬ್ಲೇರ್ ವಿಚ್‌ನವರಿಗೂ ಹಳ್ಳ ಸಿಕ್ಕಿತ್ತಲ್ಲ, ಅದನ್ನು ಹಿಡಿದು ಯಾಕೆ ಹೋಗಲಿಲ್ಲ ಅಂತ ನನಗೆ ಈಗಲೂ ಅರ್ಥ ಆಗಿಲ್ಲ.