ಸಂಗೀತ ಕಾಲೇಜಿಗೆ ಸೇರಿಸ್ಕೊಳ್ಳೋವಾಗ ಈಗ ಏನು ನೋಡ್ತಾರೆ?

ಪ್ರಶ್ನೆ: ಆಳಂದ ರಸ್ತೆಯ ತಾಯಿ
ನಾವು ಕಲಬುರಗಿಯವರು. ಮಗಳ ಪಿಯುಸಿ ಮುಗಿದಿದೆ, ಕಾಮರ್ಸ್. ಸಂಗೀತದ ಜೂನಿಯರ್ ಪರೀಕ್ಷೆ ಪಾಸಾಗಿದ್ದಾಳೆ, ಸೀನಿಯರ್ ಕಟ್ಟಿಲ್ಲ. ಹಿಂದೂಸ್ತಾನಿ ಗಾಯನದಲ್ಲೇ ಡಿಗ್ರಿ ಮಾಡ್ತೀನಿ ಅಂತ ಹಟ ಹಿಡಿದಿದ್ದಾಳೆ. ಅವಳ ಅಜ್ಜ, ‘ಗುರು ಒಪ್ಪಿದ್ರೆ ಸಂಗೀತ, ಫಾರ್ಮ್ ತುಂಬಿದ್ರೆ ಬರ್ತದಾ?’ ಅಂತಾರೆ. ಮೊದಲು ಏನು ನೋಡಿ ಸೇರಿಸ್ಕೊಳ್ತಿದ್ರು? ಈಗ ಹೇಗೆ?

ಉತ್ತರ: ಬಿಪಿಎ ಹುಡುಗ
ಅಕ್ಕಾ, ಕಾಮರ್ಸ್ ಆದ್ರೂ ಚಿಂತೆ ಇಲ್ಲ. ಬಹಳ ಕಡೆ ಪಿಯುಸಿ ಪಾಸಾಗಿದ್ರೆ ಸಾಕು. 2022ರಿಂದ ಕೇಂದ್ರೀಯ ವಿಶ್ವವಿದ್ಯಾಲಯಗಳ ಡಿಗ್ರಿಗೆ ಸಿಯುಇಟಿ ಅನ್ನೋ ಪ್ರವೇಶ ಪರೀಕ್ಷೆ ಬಂದಿದೆ. ಬನಾರಸ್‌ನಂಥ ಕಡೆ ಅದರ ಜೊತೆಗೆ ಹಾಡಿಸಿಯೂ ನೋಡ್ತಾರೆ.

ಉತ್ತರ: ಬೀದರ್ ಸಂಗೀತ ಮೇಷ್ಟ್ರು
ತಂಗಿ, ಅಜ್ಜನವರ ಮಾತು ಸುಳ್ಳಲ್ಲ. ಭೀಮಸೇನ ಜೋಶಿ 1933ರಲ್ಲಿ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟಾಗ ಇನ್ನೂ ಹುಡುಗ. ಮುಂದೆ ಕುಂದಗೋಳದಲ್ಲಿ ಸವಾಯಿ ಗಂಧರ್ವರ ಮನೆಗೆಲಸ ಮಾಡ್ತಾ ಕಲಿತರು. ಆಗ ಮಾರ್ಕ್ಸ್ ಕಾರ್ಡ್ ಯಾರು ಕೇಳ್ತಿದ್ದರು? ದನಿ ಕೇಳ್ತಿದ್ದರು, ತಾಳ್ಮೆ ನೋಡ್ತಿದ್ದರು.

ಆದರೆ ಆ ಬಾಗಿಲು ಎಷ್ಟು ಮಂದಿಗೆ ತೆರೀತು? ಗಂಗೂಬಾಯಿ ಹಾನಗಲ್ ಅವರು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಓಡಾಡಿ ಕಲಿತರು. ನಮ್ಮ ಕಡೆಯ ಹುಡುಗಿಗೆ ಅಂಥ ಗುರುಮನೆ ಅಷ್ಟು ಹತ್ತಿರ ಎಲ್ಲಿತ್ತು? ಹಿಂದೂಸ್ತಾನಿ ಗಾಯಕ ವಿಷ್ಣು ದಿಗಂಬರ ಪಲುಸ್ಕರ್ ಅವರು 1901ರಲ್ಲಿ ಲಾಹೋರ್‌ನಲ್ಲಿ ಗಾಂಧರ್ವ ಮಹಾವಿದ್ಯಾಲಯ ತೆಗೆದ ಮೇಲೆ, ಘರಾಣೆಯ, ಅಂದ್ರೆ ಸಂಗೀತ ಪರಂಪರೆಯ, ಮನೆಯಲ್ಲಿ ಹುಟ್ಟದವರಿಗೂ ತರಗತಿಯಲ್ಲಿ ಕೂತು ಕಲಿಯೋ ದಾರಿ ಆಯಿತು. ಗದುಗಿನ ಪುಣ್ಯಾಶ್ರಮದಲ್ಲಂತೂ ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು, ಕಣ್ಣಿಲ್ಲದ ಬಡ ಮಕ್ಕಳಿಗೆ ಅನ್ನ ಹಾಕಿ ವಿದ್ಯೆ ಕೊಟ್ಟರು. ಸೇರಿಸ್ಕೊಳ್ಳೋದಂದ್ರೆ ಹಾಗಿರಬೇಕು.

ಈಗ ನನ್ನ ಸಂಕಟ ಬೇರೆ. ಸೀಟು ಖಾಲಿ ಉಳಿದರೆ ಕೆಲವು ಕಡೆ ಹಾಡಿಸಿಯೂ ನೋಡದೆ ತಗೊಂಡುಬಿಡ್ತಾರೆ. ಅಂಥ ಮಕ್ಕಳಿಗೆ ಮೊದಲ ವರ್ಷವೆಲ್ಲ ‘ಸಾ’ ಹಚ್ಚೋದರಲ್ಲೇ ಹೋಗ್ತದೆ. ಅದು ಮಕ್ಕಳಿಗೆ ಮಾಡೋ ಅನ್ಯಾಯ. ಹಾಡಿಸಿ ನೋಡೋ ಕಾಲೇಜನ್ನೇ ಆರಿಸಿ. ಅಲ್ಲಿ ತಾನ್‌ಪುರಾ ಹಚ್ಚಿ ‘ಸಾ’ ಹಿಡಿಸ್ತಾರೆ. ಮೂರ್ನಾಲ್ಕು ಸ್ವರ ನುಡಿಸಿ, ಹಾಗೇ ಹಾಡು ಅಂತಾರೆ. ಒಂದು ಛೋಟಾ ಖ್ಯಾಲ್, ಅಂದ್ರೆ ಚುರುಕು ಲಯದ ಚಿಕ್ಕ ರಚನೆ, ಕೇಳ್ತಾರೆ. ತೀನ್‌ತಾಲ ಅನ್ನೋ ತಾಳದ 16 ಮಾತ್ರೆ (ಎಣಿಕೆ) ಕೈಯಲ್ಲಿ ಹಾಕಿಸ್ತಾರೆ. 9ನೇ ಮಾತ್ರೆಗೆ ಖಾಲಿ (ಚಪ್ಪಾಳೆ ಇಲ್ಲದೆ ಕೈ ಬೀಸೋದು) ತೋರಿಸದಿದ್ದರೆ ಅಲ್ಲೇ ಗೊತ್ತಾಗ್ತದೆ. ಮಗಳು ಯಾವ ರಾಗ ಚೆನ್ನಾಗಿ ಹಾಡ್ತಾಳೆ?

ಆಳಂದ ರಸ್ತೆಯ ತಾಯಿ
ಭೂಪ್ ಹಾಡ್ತಾಳೆ ಸರ್. ಆದರೆ ಹಾರ್ಮೋನಿಯಂ ಬಿಟ್ಟು ಹಾಡಿ ರೂಢಿ ಇಲ್ಲ.

ಬೀದರ್ ಸಂಗೀತ ಮೇಷ್ಟ್ರು
ಹಾಗಿದ್ರೆ ಇವತ್ತಿನಿಂದಲೇ ಪೆಟ್ಟಿಗೆ ಮುಚ್ಚಿಡಿ. ಮೊಬೈಲಿನ ತಾನ್‌ಪುರಾ ಸಾಕು. ಭೂಪ್‌ನಲ್ಲಿ ಮ, ನಿ ಇಲ್ಲ. ಗಂಧಾರದಿಂದ ಪಂಚಮಕ್ಕೆ ಹೋಗುವಾಗ ನಡುವೆ ಮಧ್ಯಮ ಸೋಕುತ್ತದಾ, ಅವಳೇ ರೆಕಾರ್ಡ್ ಮಾಡಿ ಕೇಳಲಿ. ಸೀನಿಯರ್ ಪರೀಕ್ಷೆಯನ್ನೂ ಬಿಡಬೇಡಿ, ಡಿಗ್ರಿ ಓದುತ್ತಲೇ ಕಟ್ಟಬಹುದು.