ಅಪ್‌ಡೇಟ್: ಹೋಮ್‌ಸ್ಕೂಲಿಂಗ್ ಬಿಟ್ಟು ಮತ್ತೆ ಶಾಲೆಗೆ ಸೇರಿಸಬಹುದಾ ಅಂತ ಕೇಳಿದ್ದೆ

ಮೂರು ವಾರದ ಹಿಂದೆ ಕೇಳಿದ್ದೆ. ನಾವಿರುವುದು ಕೋಲಾರದ ಹತ್ತಿರ. ಮಗನಿಗೆ ಹತ್ತು ವರ್ಷ. ಮೂರನೇ ಕ್ಲಾಸ್ ಆದ ಮೇಲೆ ಶಾಲೆ ಬಿಡಿಸಿ ಮನೆಯಲ್ಲೇ ಕಲಿಸುತ್ತಿದ್ದೆವು. ಈಗ ಅವನೇ ಶಾಲೆಗೆ ಹೋಗ್ತೀನಿ ಅಂತ ಹಟ ಹಿಡಿದಿದ್ದ. ಹಳೇ ಶಾಲೆಯ ಟಿಸಿ (ವರ್ಗಾವಣೆ ಪತ್ರ) ಇನ್ನೂ ಕೈಗೆ ಬಂದಿರಲಿಲ್ಲ.

ಸೇರಿಸಿದೆವು! ನಮ್ಮೂರಿನ ಸರ್ಕಾರಿ ಶಾಲೆಯಲ್ಲೇ, ಐದನೇ ಕ್ಲಾಸಿಗೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಓದಿ ಅಂದವರಿಗೆ ತುಂಬಾ ಥ್ಯಾಂಕ್ಸ್. 6ರಿಂದ 14 ವರ್ಷದ ಮಗು ನಡುವೆ ಶಾಲೆ ಬಿಟ್ಟಿದ್ದರೂ ವಯಸ್ಸಿಗೆ ತಕ್ಕ ಕ್ಲಾಸಿಗೇ ಸೇರಿಸಿಕೊಳ್ಳಬೇಕು, ಬಿಟ್ಟುಹೋದ ಪಾಠಕ್ಕೆ ವಿಶೇಷ ತರಬೇತಿ ಕೊಡಬೇಕು ಅಂತ ಅದರಲ್ಲಿದೆ. ಟಿಸಿ ತಡವಾಯಿತು ಅಂತ ವಾಪಸ್ ಕಳಿಸುವ ಹಾಗೂ ಇಲ್ಲ, ಅದು 5ನೇ ಸೆಕ್ಷನ್.

ಎನ್‌ಐಒಎಸ್‌ನಲ್ಲಿ (ಶಾಲೆಗೆ ಹೋಗದೆಯೂ ಪರೀಕ್ಷೆ ಬರೆಯಬಹುದಾದ ರಾಷ್ಟ್ರೀಯ ಮುಕ್ತ ಶಾಲೆ) ನೇರ ಹತ್ತನೇ ತರಗತಿ ಪರೀಕ್ಷೆ ಕಟ್ಟಿಸಿ ಅಂತ ಕೆಲವರು ಅಂದಿದ್ದರು. ಅದಕ್ಕೆ 14 ವರ್ಷ ಆಗಿರಬೇಕು, ಅಷ್ಟು ದಿನ ಕಾಯೋಕಾಗಲ್ಲ. ಮನೆಯಲ್ಲೇ ಪೀರಿಯಡ್ ಹಾಕಿ ಕಲಿಸಿ ನೋಡಿ ಅನ್ನೋದು ಎರಡೇ ದಿನ ನಡೆಯಿತು. ಅವನಿಗೆ ಬೇಕಾಗಿದ್ದು ಜೊತೆಗಾರರು, ಟೈಮ್‌ಟೇಬಲ್ ಅಲ್ಲ.

ಒಂದು ವಿಷಯ ಮಾತ್ರ ನಾನು ಅಂದುಕೊಂಡೇ ಇರಲಿಲ್ಲ. ಗಣಿತದಲ್ಲಿ ಹಿಂದೆ ಬೀಳ್ತಾನೆ ಅಂತ ಹೆದರಿದ್ದೆ. ಮೇಷ್ಟ್ರು ಭಿನ್ನರಾಶಿ ಶುರು ಮಾಡಿದ ದಿನ ಇವನು ಎದ್ದು ನಿಂತು, "ಕಾಲು ಅಂದ್ರೆ ಒಂದು ಸೇರಲ್ಲಿ ಒಂದು ಪಾವು ಸಾರ್" ಅಂದನಂತೆ. ಅಜ್ಜಿ ಜೊತೆ ರಾಗಿ ಅಳೆದು ಕಲಿತಿದ್ದು! ಒತ್ತಕ್ಷರ ಜಾಸ್ತಿ ತಪ್ತಾನೆ, ಮೇಷ್ಟ್ರು ಸಂಜೆ ಅರ್ಧ ಗಂಟೆ ಕೂರಿಸಿ ಬರೆಸುತ್ತಿದ್ದಾರೆ.