ಹಾವು ತಿಂತಿಲ್ಲ ಅಂತ ಕೇಳಿದ ಪುಟ್ಟನಿಗೆ

ಪುಟ್ಟ, ನಾನು ಕಣೋ, ಹಾಸನದ ಅಕ್ಕ. ಟೈಪ್ ಮಾಡ್ತಾ ಕೂತ್ರೆ ಮುಗಿಯಲ್ಲ, ಅದಕ್ಕೇ ಮಾತಾಡಿ ಕಳಿಸ್ತಿದೀನಿ. ಉದ್ದ ಆಗತ್ತೆ, ಆದ್ರೂ ಪೂರ್ತಿ ಕೇಳು. ಅಜ್ಜಿ, ದೊಡ್ಡಪ್ಪ, ನೀವೂ ಕೇಳಿ. ನೀವು ಗ್ರೂಪಲ್ಲಿ ಹೇಳಿದ್ದಕ್ಕೂ ಇದ್ರಲ್ಲೇ ಉತ್ತರ ಇದೆ.

ನಿನ್ನೆ ರಾತ್ರಿ ಹಾಕಿದ ಮೆಸೇಜ್ ಓದಿದೆ. ಬಾಲ್ ಪೈಥಾನ್, ಅಂದ್ರೆ ಆಫ್ರಿಕಾದ ಸಣ್ಣ ಹೆಬ್ಬಾವು, ಅದರ ಮರಿ ಮನೆಗೆ ಬಂದು 19 ದಿನ ಆಯ್ತು, ತೂಕ 92 ಗ್ರಾಂ, ಮೂರು ಸಲ ಇಲಿಮರಿ ಕೊಟ್ಟೆ, ಮೂರು ಸಲವೂ ಮುಖ ತಿರುಗಿಸ್ತು, ಸತ್ತೋಗತ್ತಾ ಅಕ್ಕ ಅಂತ ಕೇಳಿದೀಯ. ಇಲ್ಲಪ್ಪ. ಮೈ ತುಂಬ್ಕೊಂಡಿರೋ ಮರಿ 19 ದಿನಕ್ಕೆ ಸಾಯಲ್ಲ. ನೀರಿನ ಬಟ್ಟಲು ಮಾತ್ರ ಯಾವಾಗ್ಲೂ ತುಂಬಿರ್ಲಿ. ಮೊದ್ಲು ನೀನು ಸಮಾಧಾನ ಮಾಡ್ಕೋ.

ನೀನು ಕಳಿಸಿದ ಫೋಟೋ ದೊಡ್ಡದು ಮಾಡಿ ನೋಡಿದೆ. ಮೂರಡಿ ಗಾಜಿನ ತೊಟ್ಟಿ, ಒಳಗೆ ಪೇಪರ್, ಒಂದು ಬಟ್ಟಲು, ಮಧ್ಯದಲ್ಲಿ ಚೆಂಡಿನ ಹಾಗೆ ಸುತ್ಕೊಂಡು ತಲೆ ಒಳಗಿಟ್ಕೊಂಡಿರೋ ಮರಿ. ಎಷ್ಟು ಮುದ್ದಾಗಿ ಮಲ್ಗಿದೆ ನೋಡಿ ಅಂತ ಬರೆದಿದೀಯ. ಪುಟ್ಟ, ಅದು ಮಲ್ಗಿಲ್ಲ, ಹೆದರ್ಕೊಂಡಿದೆ. ಈ ಹಾವಿಗೆ ಬಾಲ್ ಅನ್ನೋ ಹೆಸ್ರು ಬಂದಿದ್ದೇ ಅದ್ರಿಂದ. ಹೆದ್ರಿಕೆ ಆದ್ರೆ ತಲೆನ ನಡುವೆ ಬಚ್ಚಿಟ್ಟು ಉಂಡೆ ಕಟ್ಕೊಳತ್ತೆ. ಘಾನಾ, ಟೋಗೋ, ಬೆನಿನ್ ಕಡೆ ಕಾಡಲ್ಲಿ ಇವು ಹಗಲೆಲ್ಲಾ ಇಲಿ ಬಿಲದಲ್ಲೋ ಹಳೇ ಹುತ್ತದಲ್ಲೋ ಅಡಗಿರ್ತವೆ, ಕತ್ತಲಾದ್ಮೇಲೆ ಹೊರಗೆ ಬರ್ತವೆ. ಅಂಥದ್ದನ್ನ ನಾಲ್ಕೂ ಕಡೆ ಗಾಜಿರೋ ಜಾಗದಲ್ಲಿ ಬಿಟ್ಟು, ದಿನಕ್ಕೆರಡು ಸಲ ಎತ್ಕೊಂಡು, ಅಕ್ಕಪಕ್ಕದ ಮಕ್ಕಳಿಗೆಲ್ಲ ತೋರಿಸಿದ್ರೆ ಹೇಗೆ ತಿನ್ನತ್ತೆ ಹೇಳು.

ಬೈತಿಲ್ಲ ಕಣೋ. ನಾಲ್ಕು ವರ್ಷದ ಹಿಂದೆ ನಾನೂ ಇದನ್ನೇ ಮಾಡಿದ್ದೆ. ನನ್ನ ಮರಿ ಬಂದಾಗ 78 ಗ್ರಾಂ. ತಿನ್ನಲಿಲ್ಲ ಅಂತ ದಿನಾ ಎತ್ತಿ ತೂಗ್ತಿದ್ದೆ, ಎರಡು ದಿನಕ್ಕೊಂದ್ಸಲ ಇಲಿಮರಿ ಮೂಗಿನ ಹತ್ರ ಆಡಿಸ್ತಿದ್ದೆ. ಏಳು ವಾರ ಪುಟ್ಟ, ಏಳು ವಾರ ಅದು ಬಾಯಿ ಬಿಡ್ಲಿಲ್ಲ. 73ಕ್ಕೆ ಇಳೀತು. ನಾನು ರಾತ್ರಿ ಎದ್ದು ಟಾರ್ಚ್ ಹಾಕಿ ಉಸಿರಾಡ್ತಿದೆಯಾ ಅಂತ ನೋಡ್ತಿದ್ದೆ. ಆ ಟಾರ್ಚೂ ಅದಕ್ಕೊಂದು ಹಿಂಸೆ ಅಂತ ಗೊತ್ತಾಗಿದ್ದು ಆಮೇಲೆ. ಕೊನೆಗೆ ಸೋತು ಹತ್ತು ದಿನ ಪೆಟ್ಟಿಗೆಗೆ ಬಟ್ಟೆ ಮುಚ್ಚಿ ಬಿಟ್ಬಿಟ್ಟೆ, ನೀರು ಮಾತ್ರ ಬದಲಾಯಿಸ್ತಿದ್ದೆ. ಹನ್ನೊಂದನೇ ರಾತ್ರಿ ಇಲಿಮರಿ ತೋರಿಸಿದ್ದೇ ತಡ, ಬಾಣದ ಹಾಗೆ ಬಂದು ಹಿಡೀತು. ನಾನು ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ.

ಹಾಗಾಗಿ ಇವತ್ತೇ ಆ ಗಾಜಿನ ಮೂರು ಕಡೆಗೆ ರಟ್ಟು ಅಂಟಿಸು. ಅಡಗೋಕೆ ಎರಡು ಜಾಗ ಬೇಕು, ಒಂದು ಬೆಚ್ಚಗಿರೋ ಕಡೆ, ಒಂದು ತಂಪಿರೋ ಕಡೆ. ದುಡ್ಡು ಹಾಕ್ಬೇಡ, ಎರಡು ತೆಂಗಿನ ಕರಟ ತಗೊಂಡು ಅಂಚು ಚೆನ್ನಾಗಿ ಉಜ್ಜಿ, ಪಕ್ಕದಲ್ಲಿ ಒಂದು ಬಾಗಿಲು ಕೊಯ್ದು ಬೋರಲು ಹಾಕು. ಅಷ್ಟು ಪುಟ್ಟ ಮರಿಗೆ ಕರಟ ಸರಿಯಾಗತ್ತೆ, ಮೈ ಗೋಡೆಗೆ ತಾಗಿದ್ರೇ ಅದಕ್ಕೆ ಧೈರ್ಯ. ಪೇಪರ್ ತೆಗೆದು ತೆಂಗಿನ ನಾರಿನ ಪುಡಿ ಹಾಕು, ಒಂಚೂರು ತೇವ ಮಾಡಿ. ಅರಸೀಕೆರೆ ಕಡೆಯಿಂದ ನಾನೇ ಒಂದು ಚೀಲ ತರ್ತೀನಿ. ತೇವಾಂಶ ನೂರಕ್ಕೆ 60ರ ಆಸುಪಾಸು ಇದ್ರೆ ಸಾಕು.

ಇನ್ನು ಚಳಿ. ನಮ್ಮೂರುಗಳಲ್ಲಿ ಇದೇ ಮುಖ್ಯ. ನಿಮ್ಮ ಚಿಕ್ಕಮಗಳೂರು ಸುಮಾರು 1,000 ಮೀಟರ್ ಎತ್ತರದಲ್ಲಿದೆ, ಈ ಮಾರ್ಗಶಿರದ ರಾತ್ರಿಲಿ ನಮಗೇ ಕಂಬಳಿ ಸಾಲಲ್ಲ. ಹಾವಿಗೆ ಮೈಯೊಳಗೆ ಬಿಸಿ ಹುಟ್ಟಲ್ಲ, ಹೊರಗಿನ ಬಿಸಿಯಲ್ಲೇ ಅರಗಿಸ್ಕೋಬೇಕು. ತಣ್ಣಗಿದ್ದಾಗ ನುಂಗಿದ್ರೆ ಹೊಟ್ಟೇಲಿ ಕೊಳೆತು ಕಕ್ಕಿಬಿಡತ್ತೆ. ಚಳೀಲಿ ತಿನ್ನದೆ ಇರೋದು ಅದರ ಜಾಣತನ. ಒಂದು ತುದಿ 31ರಿಂದ 33 ಡಿಗ್ರಿ, ಇನ್ನೊಂದು ತುದಿ 25ರಿಂದ 27, ರಾತ್ರಿ ಕೂಡ 24ಕ್ಕಿಂತ ಕೆಳಗೆ ಇಳೀಬಾರ್ದು. ಗಾಜಿಗೆ ಅಂಟಿಸಿದೀಯಲ್ಲ ಆ ಪಟ್ಟಿ ಥರ್ಮಾಮೀಟರ್, ಅದು ಗಾಜಿನ ಲೆಕ್ಕ ಹೇಳತ್ತೆ, ನೆಲದ್ದಲ್ಲ. ವೈರ್ ಇರೋದು ನಾನು ತರ್ತೀನಿ, ಅದನ್ನ ಕರಟದ ಒಳಗೆ ಇಟ್ಟು ನೋಡೋಣ. ತೊಟ್ಟಿ ಬೆಚ್ಚಗಿಡೋ ಹೀಟ್ ಮ್ಯಾಟ್‌ಗೆ ಥರ್ಮೋಸ್ಟಾಟ್, ಅಂದ್ರೆ ಬಿಸಿ ಹೆಚ್ಚಾದ್ರೆ ತಾನೇ ಕರೆಂಟ್ ಆರಿಸೋ ಸಾಧನ, ಇಲ್ದೆ ಸ್ವಿಚ್ ಹಾಕ್ಲೇಬೇಡ. ಸುಡ್ತಿದ್ರೂ ಹಾವು ಅಲ್ಲೇ ಮಲ್ಗಿರತ್ತೆ, ಹೊಟ್ಟೆ ಬೆಂದೋಗತ್ತೆ. ಕರೆಂಟ್ ಹೋದ್ರೆ ಬಾಟಲಿಗೆ ಬಿಸಿನೀರು ತುಂಬಿ ಬಟ್ಟೆ ಸುತ್ತಿ ಒಳಗಿಡು, ಹೊರಗೆ ಕಂಬಳಿ ಹೊದಿಸು, ಗಾಳಿ ಆಡೋಕೆ ಜಾಗ ಬಿಟ್ಟು.

ಇದೆಲ್ಲ ಸರಿ ಮಾಡಿ ಹತ್ತು ದಿನ ಅದನ್ನ ಮುಟ್ಬೇಡ. ಅಷ್ಟರಲ್ಲಿ ಮಾರಿದವ್ರಿಗೆ ಫೋನ್ ಮಾಡಿ ಅಲ್ಲಿ ಏನು ತಿಂತಿತ್ತು, ಜೀವಂತವಾ ಫ್ರೀಜರ್‌ದಾ ಕೇಳು. ಇವು ಅಭ್ಯಾಸದ ಪ್ರಾಣಿಗಳು, ಸಣ್ಣ ಇಲಿ ತಿಂದು ಬೆಳೆದಿದ್ದು ಹೆಗ್ಗಣದ ಜಾತಿ ಮರಿನ ಆಹಾರ ಅಂತಾನೇ ಅಂದ್ಕೊಳಲ್ಲ. ನಿಂದಕ್ಕೆ 10ರಿಂದ 13 ಗ್ರಾಂ ಇರೋ ಇಲಿಮರಿ ಸಾಕು. ಫ್ರೀಜರ್‌ದಾದ್ರೆ ಹಿಂದಿನ ರಾತ್ರಿ ಫ್ರಿಜ್ಜಲ್ಲಿ ಕೆಳಗಿಟ್ಟು ಕರಗಿಸು, ಕೊಡೋ ಮುಂಚೆ ಕವರಲ್ಲಿ ಹಾಕಿ ಬಿಸಿನೀರಲ್ಲಿಡು. ಅಮ್ಮನ ಪಾತ್ರೆ ಬೇಡ, ಬೇರೆ ಡಬ್ಬಿ ಇಟ್ಕೋ, ಕೈ ಸೋಪಲ್ಲಿ ತೊಳಿ. ಮುಟ್ಟಿದ್ರೆ ಜೀವ ಇರೋದ್ರಷ್ಟು ಬೆಚ್ಚಗಿರ್ಬೇಕು. ಯಾಕಂದ್ರೆ ಅದರ ಮೇಲ್ದುಟೀಲಿ ಸಣ್ಣ ಸಣ್ಣ ಗುಳಿ ಇವೆ ನೋಡು, ಕತ್ತಲಲ್ಲಿ ಬಿಸಿನ ಅವೇ ಗುರುತು ಹಿಡಿಯೋದು. ತಣ್ಣಗಿರೋ ಇಲಿ ಅದಕ್ಕೆ ಒಂದು ಕಲ್ಲಿದ್ದ ಹಾಗೆ. ರಾತ್ರಿ ದೀಪ ಆರಿಸಿ, ಉದ್ದ ಇಕ್ಕಳದಲ್ಲಿ ಹಿಡಿದು ಕರಟದ ಬಾಗಿಲ ಹತ್ರ ಮೆಲ್ಲಗೆ ಆಡಿಸು. ಮೂಗಿಗೆ ತಿವೀಬೇಡ. ತಗೊಳ್ಲಿಲ್ಲಾ, ಬಾಗಿಲಲ್ಲೇ ಇಟ್ಟು ಹೋಗಿ ಮಲ್ಕೋ, ಬೆಳಿಗ್ಗೆ ಉಳಿದಿದ್ರೆ ಎಸಿ, ಮತ್ತೆ ಒಂದು ವಾರ ಕೊಡ್ಬೇಡ. ತಿಂದ್ರೂ ಎರಡು ದಿನ ಎತ್ಬೇಡ. ಕಣ್ಣು ಹಾಲಿನ ಹಾಗೆ ಮಸುಕಾಗಿದ್ರೆ ಪೊರೆ ಬಿಡೋ ಹೊತ್ತು, ಆಗ ಕೊಡೋದೇ ಬೇಡ. ಜೀವಂತ ಇಲಿ ಬಿಟ್ಟು ಮಲಗೋದಂತೂ ಬೇಡವೇ ಬೇಡ, ಇಲಿಯೇ ಹಾವನ್ನ ಕಚ್ಚಿ ಗಾಯ ಮಾಡತ್ತೆ.

ದೊಡ್ಡಪ್ಪ, ಕಾಫಿ ಗೋಡೌನಲ್ಲಿ ಇಲಿ ಹಿಡಿಸ್ಕೊಡ್ತೀನಿ ಅಂದ್ರಲ್ಲ, ನಿಮ್ಮ ಪ್ರೀತಿ ಗೊತ್ತು, ಆದ್ರೆ ದಯವಿಟ್ಟು ಬೇಡ. ತೋಟದಲ್ಲಿ ಇಲಿ ಪಾಷಾಣ ಇಟ್ಟಿರ್ತಾರೆ. ಆ ವಿಷ ಇಲಿ ಮೈಯಿಂದ ಹಾವಿನ ಮರಿ ಮೈಗೆ ಹೋಗತ್ತೆ, ಹುಳದ ಕಾಟ ಬೇರೆ. ಬಾಯಿ ಬಿಡಿಸಿ ತುರುಕೋದೂ ಬೇಡ, ಹಲ್ಲು ದವಡೆ ಎಲ್ಲಾ ಗಾಯ ಆಗತ್ತೆ.

ಅಜ್ಜಿ, ಹಾಲಿಡು ಅಂದ್ರಲ್ಲ, ಅದು ನಾಗರಪಂಚಮಿಗೆ ಹುತ್ತಕ್ಕೆ ಇರ್ಲಿ. ಹಾವಿಗೆ ಹಾಲು ಅರಗಲ್ಲ ಅಜ್ಜಿ, ಹೊಟ್ಟೆ ಕೆಡತ್ತೆ. ತೋಟದ ಹೆಬ್ಬಾವಿನ ಹಾಗೆ ಬೆಳೆದು ಕರು ನುಂಗತ್ತೆ ಅಂತಲೂ ಭಯ ಪಡ್ಬೇಡಿ, ಇದು ನಾಲ್ಕೈದು ಅಡಿ ಬೆಳೆದ್ರೆ ಹೆಚ್ಚು, ವಿಷ ಇಲ್ಲ. ತೋಟದ್ದು ಬೇರೆ ಜಾತಿ, ಅದನ್ನ ಸಾಕೋದು ಅಪರಾಧ.

ಕಾನೂನು ಅಂದ್ಮೇಲೆ ನೆನಪಾಯ್ತು ಪುಟ್ಟ, 2024ರ ನಿಯಮದ ಪ್ರಕಾರ ಇದನ್ನ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಅನ್ನೋ ವೆಬ್‌ಸೈಟಲ್ಲಿ ನೋಂದಾಯಿಸ್ಬೇಕು, ಕೈಗೆ ಬಂದ 30 ದಿನದೊಳಗೆ. ನಿನಗೆ 11 ದಿನ ಇದೆ. ಬಿಲ್ ಹುಡುಕಿಡು.

ವಾರಕ್ಕೊಂದ್ಸಲ ಮಾತ್ರ ತೂಗು, ಅದೂ ಈ ಹತ್ತು ದಿನ ಕಳೆದ ಮೇಲೆ. 83 ಗ್ರಾಂಗೆ ಇಳಿದ್ರೆ, ಬೆನ್ನುಮೂಳೆ ಎದ್ದು ಕಂಡ್ರೆ, ಬಾಯಿ ತೆರೆದು ಉಸಿರಾಡ್ತಿದ್ರೆ, ಮೂಗಲ್ಲಿ ಗುಳ್ಳೆ ಬಂದ್ರೆ ಕಾಯ್ಬೇಡ, ನಡುರಾತ್ರಿ ಆದ್ರೂ ನನಗೆ ಫೋನ್ ಮಾಡು. ಇಲ್ಲಿ ಹಾಸನದ ವೆಟರ್ನರಿ ಕಾಲೇಜಲ್ಲಿ ಮೊದ್ಲು ಕೇಳ್ಕೊಂಡು ಕರ್ಕೊಂಡು ಹೋಗೋಣ.

ಭಾನುವಾರ ಬೆಳಿಗ್ಗೆ ಬಸ್ಸಿಗೆ ಬರ್ತೀನಿ, ನಾರಿನ ಪುಡಿ, ವೈರಿನ ಥರ್ಮಾಮೀಟರ್ ಎರಡೂ ತರ್ತೀನಿ. ನಾನು ಬಂದಾಗ ಹಾವು ತೋರಿಸು ಅಂತ ಕೇಳಲ್ಲ. ನೀನೂ ಅಲ್ಲಿ ತನಕ ಕರಟ ಎತ್ತಿ ನೋಡ್ಬೇಡ.